ಕೆಜಿಎಫ್ ಹಳೇ ಗಣಿಯೊಳಗೆ ಇಳಿಯೋಕೆ ದಾರಿ ಇದೆಯಾ?

ಗುಡ್ಡಸುತ್ತಾಟ
ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ನಾಲ್ಕೈದು ಗೆಳೆಯರು. ಶನಿವಾರ ಬಂತು ಅಂದರೆ ಬೆಟ್ಟ, ಕೋಟೆ ಅಂತ ಹೊರಡುತ್ತೇವೆ. ಈಗ ಯಾವ ಬೆಟ್ಟಕ್ಕೆ ಹೋದರೂ ಜಾತ್ರೆ. ಟಿಕೆಟ್‌ಗೆ ಕ್ಯೂ, ಮೇಲೆ ಹೋದರೆ ಸೆಲ್ಫಿಗೆ ಕ್ಯೂ. ಹಾಗಾಗಿ ಈ ಸಲ ಮೇಲೆ ಹತ್ತೋದು ಬೇಡ, ಕೆಳಗೆ ಇಳಿಯೋಣ ಅನ್ನೋ ಯೋಚನೆ ಬಂದಿದೆ. ಕೆಜಿಎಫ್ ಹತ್ತಿರದಲ್ಲೇ ಇದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಒಳಗೆ ಎಲ್ಲ ಹಾಗೇ ಬಿಟ್ಟಿದ್ದಾರೆ ಅಂತ ಕೇಳಿದ್ದೇವೆ. ಹೊರದೇಶದವರು ಹಳೇ ಗಣಿಗೆ ಇಳಿದು ಚೆಂದದ ವಿಡಿಯೋ ಹಾಕುತ್ತಾರಲ್ಲ, ಆ ಥರ.

ಹೆಲ್ಮೆಟ್, ಹೆಡ್‌ಲ್ಯಾಂಪ್, ಬಂಡೆ ಹತ್ತುವ ಹಗ್ಗ ನಮ್ಮ ಹತ್ತಿರ ಇವೆ. ಇನ್ನೇನು ಬೇಕು? ಒಳಗೆ ಹೋಗೋಕೆ ಯಾವ ಕಡೆಯಿಂದ ಸುಲಭ? "ಹೋಗಬೇಡಿ" ಅನ್ನೋರು ದಯವಿಟ್ಟು ಕಾರಣವನ್ನೂ ಹೇಳಿ. ಸುಮ್ನೆ ಹೆದರಿಸಬೇಡಿ.

ಲೈನ್‌ಮನೆಹುಡುಗ
ಹುಟ್ಟಿ ಬೆಳೆದದ್ದು ಅಲ್ಲೇ, ಕಾರ್ಮಿಕರ ಲೈನ್ ಮನೆಯಲ್ಲಿ. ಕಾರಣ ಕೇಳಿದ್ದೀರಿ, ಹೇಳುತ್ತೇನೆ.

"ಒಳಗೆ ಎಲ್ಲ ಹಾಗೇ ಇದೆ" ಅನ್ನೋದು ಶುದ್ಧ ಸುಳ್ಳು. ಒಳಗೆ ಇರೋದು ನೀರು. ಗಣಿ ನಡೆಯುವಾಗ ಹಗಲೂ ರಾತ್ರಿ ಪಂಪ್ ಓಡುತ್ತಿದ್ದವು. ಅವು ನಿಂತ ಮೇಲೆ ನೀರು ತಳದಿಂದ ಒಂದೊಂದೇ ಲೆವೆಲ್ ನುಂಗುತ್ತಾ ಮೇಲೆ ಬಂತು. ನೀವು ವಿಡಿಯೋ ಮಾಡಬೇಕು ಅಂದುಕೊಂಡಿರೋ ಜಾಗದಲ್ಲಿ ಈಗ ಮೀನು ಕೂಡ ಇಲ್ಲ.

ಇನ್ನೊಂದು. ಗುಹೆಗೆ ಹೋದ ಹಾಗೆ ಅಡ್ಡಕ್ಕೆ ನಡೆದು ಹೋಗೋ ಜಾಗ ಅಲ್ಲ ಇದು. ಶಾಫ್ಟ್ ಅಂದರೆ ನೆಟ್ಟಗೆ ಪಾತಾಳಕ್ಕೆ ಇಳಿಯೋ ಗುಂಡಿ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರ್‌ಗೂ ಜಾಸ್ತಿ. ಕೆಲಸಕ್ಕೆ ಹೋಗುವವರೇ ಒಂದು ಶಾಫ್ಟ್‌ನಲ್ಲಿ ಕೇಜ್ (ಗಣಿಯ ಲಿಫ್ಟ್) ಹತ್ತಿ ಇಳಿದು, ಒಳಗೆ ನಡೆದು, ಇನ್ನೊಂದು ಶಾಫ್ಟ್ ಹಿಡಿದು ಇನ್ನೂ ಕೆಳಗೆ ಹೋಗಬೇಕಿತ್ತು. ನಿಮ್ಮ ಹಗ್ಗ ಎಷ್ಟು ಉದ್ದ ಇದೆ?

ತಮಾಷೆಪುಟ್ಟ
60 ಮೀಟರ್ ಇರುತ್ತೆ. ಉಳಿದ 3 ಸಾವಿರ ಮೀಟರ್‌ಗೆ ಮೇಲಿನವನಿದ್ದಾನೆ.

ಬೆಂಗಳೂರುಬೆಕ್ಕು
ಕೆಜಿಎಫ್ ಪ್ರಪಂಚದಲ್ಲೇ ಅತಿ ಆಳದ ಗಣಿ ಅಲ್ವಾ? ಹೆಮ್ಮೆ ಪಡಬೇಕಾದ ವಿಷಯ. ಏಷ್ಯಾದಲ್ಲೇ ಮೊದಲು ಕರೆಂಟ್ ಬಂದ ಊರು ಬೇರೆ. ಅಂಥ ಜಾಗವನ್ನು ನೋಡೋಕೂ ಬಿಡಲ್ಲ ಅಂದರೆ ಹೇಗೆ?

ಗಣಿಮೇಷ್ಟ್ರು
ಒಂದು ಕಾಲದಲ್ಲಿ ಅತಿ ಆಳದ ಗಣಿಗಳ ಸಾಲಿನಲ್ಲಿ ಇತ್ತು, ನಿಜ. ಈಗ ಅಲ್ಲ. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಚಿನ್ನದ ಗಣಿ ಸುಮಾರು 4 ಕಿಲೋಮೀಟರ್ ಆಳ ಇದೆ.

ಕರೆಂಟ್ ಕತೆಯೂ ಪೂರ್ತಿ ಸರಿಯಿಲ್ಲ. ಡಾರ್ಜಿಲಿಂಗ್ ಹತ್ತಿರ 1897ರಲ್ಲೇ ಸಣ್ಣ ಜಲವಿದ್ಯುತ್ ಕೇಂದ್ರ ಬಂದಿತ್ತು. ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಹೋದದ್ದು 1902ರಲ್ಲಿ. ದೊಡ್ಡ ವಿಷಯ ಏನು ಅಂದರೆ ಅಷ್ಟು ದೂರ ತಂತಿ ಎಳೆದದ್ದು, ಸುಮಾರು 147 ಕಿಲೋಮೀಟರ್. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಅಂದರೆ ಗಣಿಗೆ ಕೊಟ್ಟು ಮೂರು ವರ್ಷ ಆದ ಮೇಲೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಉತ್ತರದ ಕಲ್ಲಿದ್ದಲು ಗಣಿಗಳಲ್ಲಿ ಕೆಲಸ ಮಾಡಿದವನು. ನೀರು, ಆಳ ಎಲ್ಲ ಕಣ್ಣಿಗೆ ಕಾಣುತ್ತೆ, ಅದಕ್ಕೆ ಜನ ಹೆದರುತ್ತಾರೆ. ಹಳೇ ಗಣಿಯಲ್ಲಿ ಕೊಲ್ಲೋದು ಕಣ್ಣಿಗೆ ಕಾಣದ್ದು, ಗಾಳಿ.

ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 21ರ ಹತ್ತಿರ. ಮುಚ್ಚಿದ ಗಣಿಯಲ್ಲಿ ಅದನ್ನು ತಿನ್ನೋಕೆ ಬೇಕಾದಷ್ಟು ಗಿರಾಕಿಗಳಿದ್ದಾರೆ. ಆಸರೆಗೆ ಕೊಟ್ಟ ಮರ ಕೊಳೆಯುತ್ತೆ, ಹಳಿ ತುಕ್ಕು ಹಿಡಿಯುತ್ತೆ, ಅದಿರಿನಲ್ಲಿರೋ ಗಂಧಕದ ಖನಿಜಗಳು ನಿಧಾನಕ್ಕೆ ಸುಡುತ್ತವೆ. ಎಲ್ಲವೂ ಆಮ್ಲಜನಕ ಎಳೆದುಕೊಳ್ಳುತ್ತವೆ. ಉಳಿಯೋದು ನೈಟ್ರೋಜನ್, ಇಂಗಾಲದ ಡೈಆಕ್ಸೈಡ್. ವಾಸನೆ ಇಲ್ಲ, ಬಣ್ಣ ಇಲ್ಲ. ಆಮ್ಲಜನಕ ಶೇ. 10ಕ್ಕಿಂತ ಕಡಿಮೆ ಇರೋ ಗಾಳಿಗೆ ಕಾಲಿಟ್ಟರೆ "ಏನೋ ಒಂಥರಾ ಆಗ್ತಿದೆ" ಅಂತ ಪಕ್ಕದವನಿಗೆ ಹೇಳೋಕೂ ಟೈಮ್ ಸಿಗಲ್ಲ. ಕುಸಿದು ಬೀಳುತ್ತೀರಿ.

ಇನ್ನೂ ಒಂದು ಮಾತಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಗಣಿ ಉಸಿರಾಡುತ್ತೆ. ಹೊರಗೆ ವಾಯುಭಾರ ಜಾಸ್ತಿ ಇದ್ದಾಗ ಒಳ್ಳೆ ಗಾಳಿ ಒಳಗೆ ಹೋಗುತ್ತೆ. ಮಳೆ ಮೋಡ ಕಟ್ಟಿ ವಾಯುಭಾರ ಇಳಿದಾಗ ಒಳಗಿನ ಕೆಟ್ಟ ಗಾಳಿ ಬಾಯಿವರೆಗೂ ಉಕ್ಕಿ ಬರುತ್ತೆ. ನಿನ್ನೆ ಯಾರೋ ಹೋಗಿ ನಗುತ್ತಾ ವಾಪಸ್ ಬಂದ ಜಾಗದಲ್ಲಿ ಇವತ್ತು ಹೆಣ ಬೀಳಬಹುದು. ಅದಕ್ಕೇ "ನಮ್ಮ ಫ್ರೆಂಡ್ ಹೋಗಿ ಬಂದ, ಏನೂ ಆಗಿಲ್ಲ" ಅನ್ನೋ ಸಾಕ್ಷಿಗೆ ಮೂರು ಕಾಸಿನ ಬೆಲೆ ಇಲ್ಲ.

ಕಲ್ಪತರುನಾಡು
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ತುಮಕೂರು ಕಡೆ ಹಾಳುಬಾವಿಗೆ ಇಳಿಯೋದೂ ಇದೇ ಕತೆ. ಹಿರಿಯರು ಯಾರನ್ನೂ ಮೊದಲು ಇಳಿಸುತ್ತಿರಲಿಲ್ಲ. ಹಗ್ಗಕ್ಕೆ ಲಾಟೀನು ಕಟ್ಟಿ ಬಿಡುತ್ತಿದ್ದರು. ದೀಪ ಆರಿದರೆ ಇಳಿಯೋ ಮಾತೇ ಇಲ್ಲ. ಆಮೇಲೆ ಎಲೆ ಇರೋ ದೊಡ್ಡ ಕೊಂಬೆ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ ಗಾಳಿ ಕದಡೋರು. ಗಣಿಗೂ ಇದೇ ಉಪಾಯ ಸಾಕಲ್ವಾ?

ಗಣಿಮೇಷ್ಟ್ರು
ಸಾಲದು. ಆಮ್ಲಜನಕ ಶೇ. 17ರ ಆಸುಪಾಸಿಗೆ ಇಳಿದರೆ ದೀಪ ಆರುತ್ತೆ, ಅಷ್ಟು ಮಟ್ಟಿಗೆ ಹಿರಿಯರ ಉಪಾಯ ಸರಿ. ಆದರೆ ಇಂಗಾಲದ ಮಾನಾಕ್ಸೈಡ್ ಇದ್ದರೆ ದೀಪ ಚೆನ್ನಾಗೇ ಉರಿಯುತ್ತೆ, ಮನುಷ್ಯ ಆರುತ್ತಾನೆ. ಬೆಂಕಿ ಹಿಡಿಯೋ ಮೀಥೇನ್ ಅನಿಲ ಇರೋ ಕಲ್ಲಿದ್ದಲು ಗಣಿಗೆ ಲಾಟೀನು ಬಿಟ್ಟರೆ ಬಾವಿಯೇ ಎದ್ದು ನಿಮ್ಮ ಮುಖಕ್ಕೆ ಬರುತ್ತೆ. ನಿಂತ ನೀರಿನಲ್ಲಿ ಕಾಲಾಡಿಸಿದರೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳಬಹುದು. ಅದು ಜಾಸ್ತಿಯಾದರೆ ಮೂಗೇ ಸತ್ತುಹೋಗುತ್ತೆ. ವಾಸನೆ ನಿಂತಿತು, ಸದ್ಯ ಪಾರಾದೆ ಅಂದುಕೊಳ್ಳುತ್ತೀರಿ. ನಿಜವಾದ ಅಪಾಯ ಆಗಲೇ ಶುರು.

ಗುಡ್ಡಸುತ್ತಾಟ
ಒಳ್ಳೆ ಮಾಹಿತಿ, ಧನ್ಯವಾದ. ಆದರೆ ಹೊರದೇಶದಲ್ಲಿ ವಾರ ವಾರ ಇಳಿಯುತ್ತಾರಲ್ಲ? ಅವರು ಸಾಯಲ್ವಾ? ನಮಗೆ ಮಾತ್ರ ಯಾಕೆ ಹೀಗೆ?

ದೂರದ್ವೀಪ
ನಾನು ಬ್ರಿಟನ್ನಿನ ಕಾರ್ನ್‌ವಾಲ್‌ನಲ್ಲಿದ್ದೇನೆ. ಮೂಲ ಹಾಸನ. ಇಲ್ಲಿ ಒಂದು ಕ್ಲಬ್ ಜೊತೆ ಹಳೇ ತವರದ ಗಣಿಗಳಿಗೆ ಇಳಿಯುತ್ತಿರುತ್ತೇನೆ, ಹಾಗಾಗಿ ಈ ಪ್ರಶ್ನೆಗೆ ನಾನು ಉತ್ತರಿಸಬಹುದು ಅನ್ನಿಸುತ್ತೆ.

ಮೊದಲು ಕೆಜಿಎಫ್ ನಂಟು ಹೇಳಿಬಿಡುತ್ತೇನೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದಲ್ಲಿ ಗಣಿ ಶುರು ಮಾಡಿದಾಗ ಇಲ್ಲಿನ ಗಣಿಗಾರರು ಅಲ್ಲಿಗೆ ಹೋಗಿದ್ದರು. ಇಲ್ಲಿ ತವರ, ತಾಮ್ರದ ಬೆಲೆ ಬಿದ್ದು ಗಣಿಗಳು ಮುಚ್ಚುತ್ತಿದ್ದ ಕಾಲ ಅದು. ಇಲ್ಲಿನ ಜನರಿಗೆ ಕೋಲಾರ ಗೊತ್ತು. ಕೆಲವೊಮ್ಮೆ ಬೆಂಗಳೂರಿಗಿಂತ ಚೆನ್ನಾಗಿ ಗೊತ್ತು!

ಈಗ ನಿಮ್ಮ ಪ್ರಶ್ನೆ. ನಾವು ಇಳಿಯೋದು ಬಹುತೇಕ ಆಡಿಟ್‌ಗಳಿಗೆ. ಅಂದರೆ ಗುಡ್ಡದ ಪಕ್ಕದಿಂದ ಅಡ್ಡಕ್ಕೆ ಕೊರೆದ ಸುರಂಗ. ನೀರು ತಾನಾಗಿ ಹರಿದು ಹೊರಗೆ ಹೋಗುತ್ತೆ, ಗಾಳಿಯೂ ಆಡುತ್ತೆ. ಹಳೇ ನಕ್ಷೆ ಕೈಯಲ್ಲಿರುತ್ತೆ. ಜಾಗದ ಮಾಲೀಕರ ಒಪ್ಪಿಗೆ ಇರುತ್ತೆ. ಒಬ್ಬೊಬ್ಬರ ಹತ್ತಿರ ಮೂರು ದೀಪ. ನಾಲ್ಕು ಥರದ ಅನಿಲ ಅಳೆಯೋ ಒಂದು ಮೀಟರ್ ಮುಂದೆ ನಡೆಯುವವನ ಸೊಂಟದಲ್ಲಿ. ಹೊರಗೆ ಒಬ್ಬರಿಗೆ "ಇಷ್ಟು ಗಂಟೆಗೆ ಫೋನ್ ಬರದಿದ್ದರೆ ರಕ್ಷಣಾ ತಂಡಕ್ಕೆ ಹೇಳಿ" ಅಂತ ಹೇಳಿಯೇ ಇಳಿಯೋದು.

ಇಷ್ಟಾದರೂ ನನಗೆ ಅತಿ ಹೆಚ್ಚು ಭಯ ಹುಟ್ಟಿಸೋದು ಸುಳ್ಳು ನೆಲ. ಅದಿರು ತೆಗೆದ ಮೇಲೆ ಉಳಿದ ಖಾಲಿ ಜಾಗಕ್ಕೆ ಸ್ಟೋಪ್ ಅನ್ನುತ್ತಾರೆ. ಓಡಾಡೋಕೆ ಅದರ ಮೇಲೆ ಮರದ ದಿಮ್ಮಿ ಅಡ್ಡ ಹಾಕಿ, ಹಲಗೆ ಜೋಡಿಸಿ, ಮೇಲೆ ಕಲ್ಲು ಮಣ್ಣು ಸುರಿದಿರುತ್ತಾರೆ. ನೂರು ವರ್ಷ ಆದ ಮೇಲೆ ಮೇಲಿನಿಂದ ನೋಡಿದರೆ ಅದು ಅಪ್ಪಟ ನೆಲ. ಹಳಿ ಇರುತ್ತೆ, ಕೆಸರಿರುತ್ತೆ, ಯಾರದೋ ಬೂಟಿನ ಗುರುತೂ ಇರುತ್ತೆ. ಕೆಳಗಿನ ಮರ ಮಾತ್ರ ಬೆರಳಲ್ಲಿ ಒತ್ತಿದರೆ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ. ನಮ್ಮ ಮುಂದಾಳು ಒಮ್ಮೆ ಕಬ್ಬಿಣದ ಸರಳಿನಿಂದ ತಟ್ಟಿ ನಿಂತುಬಿಟ್ಟರು. ಅಲ್ಲಿವರೆಗೆ ಟಕ್ ಟಕ್ ಅಂತಿದ್ದದ್ದು ಆ ಒಂದು ಹೆಜ್ಜೆಯಲ್ಲಿ ಡೊಂಯ್ ಅಂತು. ಪಕ್ಕದ ಸಂದಿಯಿಂದ ಒಂದು ಕಲ್ಲು ಬಿಟ್ಟೆವು. ಅದು ನೀರಿಗೆ ಬಿದ್ದ ಸದ್ದು ಬರೋಕೆ ಬಹಳ ಹೊತ್ತು ಹಿಡಿಯಿತು. ವಾಪಸ್ ತಿರುಗಿದೆವು.

ನೀವು ನೋಡೋ ವಿಡಿಯೋದಲ್ಲಿ ಇದೆಲ್ಲ ಇರಲ್ಲ. ಹತ್ತು ನಿಮಿಷದ ಚೆಂದದ ಭಾಗ ಮಾತ್ರ ಇರುತ್ತೆ.

ತಮಾಷೆಪುಟ್ಟ
ಮೂರು ದೀಪ ಒಬ್ಬರಿಗೆ! ನಮ್ಮ ಇಡೀ ಟ್ರೆಕ್ ಗ್ರೂಪಿಗೆ ಒಂದು ಮೊಬೈಲ್ ಟಾರ್ಚ್, ಅದೂ ಶೇ. 12 ಚಾರ್ಜ್.

ಲೈನ್‌ಮನೆಹುಡುಗ
@ದೂರದ್ವೀಪ ಹೇಳಿದ ಸ್ಟೋಪ್ ವಿಷಯಕ್ಕೆ ಒಂದು ಸೇರಿಸುತ್ತೇನೆ. ಕೆಜಿಎಫ್‌ನಲ್ಲಿ ಇನ್ನೊಂದು ಕಾಟ ಇತ್ತು, ರಾಕ್‌ಬರ್ಸ್ಟ್. ಆಳಕ್ಕೆ ಹೋದ ಹಾಗೆ ಕಲ್ಲಿನ ಮೇಲೆ ಒತ್ತಡ ಜಾಸ್ತಿಯಾಗಿ ಗೋಡೆಯೇ ಸಿಡಿಯೋದು. ಬಂದೂಕಿನ ಸದ್ದಿನ ಹಾಗೆ ಶುರುವಾಗಿ ಊರೇ ಅಲ್ಲಾಡುತ್ತಿತ್ತು. ಮನೆಯಲ್ಲಿ ಪಾತ್ರೆ ಬಿದ್ದರೆ ಹೆಂಗಸರು ಶಾಫ್ಟ್ ಕಡೆ ಓಡುತ್ತಿದ್ದರು ಅಂತ ಅಜ್ಜಿ ಹೇಳೋರು. ಅದನ್ನು ತಡೆಯೋಕೆ ಖಾಲಿ ಜಾಗಕ್ಕೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟುತ್ತಾ ಹೋಗುತ್ತಿದ್ದರು. ಈ ಕಾಟದಿಂದಲೇ ಕಲ್ಲಿನ ಒತ್ತಡ ಓದೋ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ನಮ್ಮೂರಲ್ಲಿ ಶುರುವಾಯಿತು. ಗಣಿ ಮುಚ್ಚಿ ನೀರು ತುಂಬಿದ ಮೇಲೂ ಸಣ್ಣ ನಡುಕ ನಿಂತಿಲ್ಲ. ನೀರೂ ಬಿರುಕಿನೊಳಗೆ ಹೋಗಿ ತಳ್ಳುತ್ತಲ್ಲ.

ಸ್ವತಂತ್ರಹಕ್ಕಿ
ಎಲ್ಲರೂ ಭಯ ಹುಟ್ಟಿಸೋದರಲ್ಲೇ ಇದ್ದೀರಿ. ಬೆಳೆದವರು, ಬುದ್ಧಿ ಇರೋರು. ತಮ್ಮ ಜೀವ, ತಮ್ಮ ಇಷ್ಟ. ಎವರೆಸ್ಟ್ ಹತ್ತಿ ಸತ್ತರೆ ವೀರ, ಗಣಿಗೆ ಇಳಿದರೆ ದಡ್ಡ ಅಂತೀರಾ? ನಮ್ಮ ದೇಶದಲ್ಲಿ ಎಲ್ಲದಕ್ಕೂ ಒಂದೇ ಉತ್ತರ, "ಬೇಡ". ಅದಕ್ಕೇ ನಮ್ಮಲ್ಲಿ ಸಾಹಸಿಗಳು ಹುಟ್ಟಲ್ಲ.

ಗಣಿಮೇಷ್ಟ್ರು
ನಿಮ್ಮ ಜೀವ ಮಾತ್ರ ಆಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಒಬ್ಬ ಬಿದ್ದ ಅಂತ ಇನ್ನೊಬ್ಬ ಹಿಂದೆ ಇಳಿಯುತ್ತಾನೆ, ಅವನನ್ನು ಎತ್ತೋಕೆ ಮೂರನೆಯವನು. ಕೆಟ್ಟ ಗಾಳಿಯ ಸಾವುಗಳು ಒಂಟಿಯಾಗಿ ಬರೋದು ಕಡಿಮೆ. 2020ರ ಲಾಕ್‌ಡೌನ್ ಸಮಯದಲ್ಲಿ ಕೆಜಿಎಫ್‌ನಲ್ಲೇ ಮುಚ್ಚಿದ ಗಣಿಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಪೇಪರ್‌ನಲ್ಲಿ ಬಂದಿತ್ತು. ಆಮೇಲೆ ಅವರನ್ನು ತೆಗೆಯೋಕೆ ಇಳಿದವರು ಯಾರು? ಯಾರದೋ ಮನೆಯ ಮಕ್ಕಳೇ ಅಲ್ವಾ?

ಎವರೆಸ್ಟ್ ಹತ್ತೋನಿಗೆ ತರಬೇತಿ ಇದೆ, ಹವಾಮಾನ ವರದಿ ಇದೆ, ಶೆರ್ಪಾ ಇದ್ದಾರೆ. ಇಲ್ಲಿ ಮೀಟರ್ ಕೂಡ ಇಲ್ಲದೆ ಹಗ್ಗ ಸಾಕಾ ಅಂತ ಕೇಳುತ್ತಿದ್ದೀರಿ.

ಸ್ವತಂತ್ರಹಕ್ಕಿ
ಮೀಟರ್ ದುಡ್ಡು ಕೊಟ್ಟರೆ ಸಿಗುತ್ತೆ. ತರಬೇತಿ ಕೊಡೋರು ಯಾರೂ ಇಲ್ಲ ಅನ್ನೋದೇ ನನ್ನ ದೂರು. ಕಾರ್ನ್‌ವಾಲ್‌ನಲ್ಲಿ ಕ್ಲಬ್ ಇದೆ, ಒಪ್ಪಿಗೆ ಸಿಗುತ್ತೆ. ನಮ್ಮಲ್ಲಿ ಬೇಲಿ ಹಾಕಿ ಬೀಗ ಜಡಿದು ಕೂತರೆ ಜನ ಕದ್ದೇ ಹೋಗುತ್ತಾರೆ.

ದೂರದ್ವೀಪ
ಈ ಮಾತಿಗೆ ನನ್ನ ಒಪ್ಪಿಗೆ ಇದೆ. ಇಲ್ಲಿ ಗೀವರ್ ಅನ್ನೋ ತವರದ ಗಣಿ 1990ರಲ್ಲಿ ಮುಚ್ಚಿತು. ಈಗ ಅದೇ ಮ್ಯೂಸಿಯಂ. ಒಂದು ಭಾಗವನ್ನು ಭದ್ರ ಮಾಡಿ ಜನರನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಯಂತೂ 1978ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಉಪ್ಪಿನಲ್ಲೇ ಕೆತ್ತಿದ ಚರ್ಚು, ಅದರಲ್ಲಿ ಉಪ್ಪಿನ ಹರಳಿನ ತೂಗುದೀಪ. ಕೆಜಿಎಫ್‌ನಲ್ಲಿ ಮೇಲಿನ ಮೂವತ್ತು ಮೀಟರ್ ಭದ್ರ ಮಾಡಿ ತೋರಿಸಿದ್ದರೂ ಸಾಕಿತ್ತು.

ಲೈನ್‌ಮನೆಹುಡುಗ
ಸಾಕಿತ್ತು ಅನ್ನೋದು ಸುಲಭ. ನಮ್ಮೂರಲ್ಲಿ ಮೊದಲು ಕುಡಿಯೋಕೆ ನೀರು, ಕೆಲಸ. ಆಮೇಲೆ ಟೂರಿಸಂ. ಬೆಳಗ್ಗೆ ಸ್ಟೇಷನ್ನಿಗೆ ಬಂದು ನೋಡಿ. ಊರಿಗೆ ಊರೇ ಬೆಂಗಳೂರಿನ ರೈಲು ಹತ್ತಿ ಕೆಲಸಕ್ಕೆ ಹೋಗುತ್ತೆ.

ಹಟ್ಟಿಹುಲಿ
ರಾಯಚೂರು ಕಡೆಯವರನ್ನ ಯಾರೂ ನೆನಸೋದಿಲ್ಲ ನೋಡ್ರಿ! ಚಿನ್ನದ ಗಣಿ ಅಂದ್ರ ಬರೇ ಕೆಜಿಎಫ್ ಏನು? ನಮ್ಮ ಹಟ್ಟಿ ಗಣಿ ಇವತ್ತಿಗೂ ನಡೀತಾ ಇದೆ. ಹಳೇ ಗಣಿ ನೋಡಬೇಕು ಅಂದರೆ ಕೆಜಿಎಫ್‌ನವರು 120 ವರ್ಷದ ಮಾತಾಡುತ್ತಾರೆ. ನಮ್ಮಲ್ಲಿ ಹಳೇ ಗಣಿ ಅಂದರೆ ಎರಡು ಸಾವಿರ ವರ್ಷದ್ದು. ಹೊಸ ಗಣಿ ಕೊರೆಯುವಾಗ ಒಳಗೆ ಹಿಂದಿನವರು ಆಸರೆಗೆ ಇಟ್ಟ ಮರ ಸಿಕ್ಕಿತ್ತು. ಕಾರ್ಬನ್ ಪರೀಕ್ಷೆ ಮಾಡಿದರೆ ಹತ್ತಿರ ಹತ್ತಿರ ಎರಡು ಸಾವಿರ ವರ್ಷದ ಲೆಕ್ಕ ಬಂತು. ಆ ಕಾಲದವರು ಸಿಡಿಮದ್ದು ಇಲ್ಲದೆ ಇಳಿದ ಆಳ ಸುಮಾರು 190 ಮೀಟರ್!

ಬೆಂಗಳೂರುಬೆಕ್ಕು
ಮದ್ದಿಲ್ಲದೆ ಹೇಗೆ ಕೊರೆದರು?

ಹಟ್ಟಿಹುಲಿ
ಬೆಂಕಿ. ಬಂಡೆಗೆ ಆನಿಸಿ ಕಟ್ಟಿಗೆ ಒಟ್ಟಿ ಸುಡುವುದು. ಕಲ್ಲು ಕೆಂಪಗೆ ಕಾದ ಮೇಲೆ ನೀರು ಎರಚುವುದು. ಚಟ್ ಅಂತ ಬಿರುಕು ಬಿಡುತ್ತೆ. ಆಮೇಲೆ ಉಳಿ ಸುತ್ತಿಗೆಯಿಂದ ಕೀಳುವುದು. ಹೊಗೆಯಲ್ಲಿ ಹೇಗೆ ಉಸಿರಾಡಿದರೋ ಆ ಪುಣ್ಯಾತ್ಮರು! ಹಳೇ ಗಣಿಗಳ ಸುತ್ತ ಅದಿರು ಅರೆದ ಬಂಡೆಗಳು ಸಿಗುತ್ತವೆ, ಬಟ್ಟಲಿನ ಹಾಗೆ ಗುಳಿ ಬಿದ್ದಿರುತ್ತೆ.

ಇನ್ನೊಂದು ಮಜಾ ಕೇಳ್ರಿ. ಹತ್ತಿರದ ಮಸ್ಕಿಯಲ್ಲಿ ಅಶೋಕನ ಶಾಸನ ಇದೆ. "ದೇವಾನಾಂಪಿಯ" ಅಂದರೆ ಅಶೋಕನೇ ಅಂತ ಗಟ್ಟಿಯಾದದ್ದು ಆ ಶಾಸನದಿಂದ. 1915ರಲ್ಲಿ ಅದನ್ನು ಮೊದಲು ಕಂಡವನು ಇತಿಹಾಸದ ಪಂಡಿತ ಅಲ್ಲ. ಬೀಡನ್ ಅನ್ನೋ ಚಿನ್ನದ ಗಣಿ ಇಂಜಿನಿಯರ್. ಚಿನ್ನ ಹುಡುಕೋಕೆ ಹೋಗಿ ಚಕ್ರವರ್ತಿ ಸಿಕ್ಕ.

ತಮಾಷೆಪುಟ್ಟ
ನಾನು ಬೀಗದ ಕೀ ಹುಡುಕೋಕೆ ಹೋದರೆ ಹಳೇ ಕರೆಂಟ್ ಬಿಲ್ ಸಿಗುತ್ತೆ.

ಬೆಂಗಳೂರುಬೆಕ್ಕು
ಬಳ್ಳಾರಿ ಸಂಡೂರು ಕಡೆಯೂ ಬಿಟ್ಟ ಗಣಿಗಳು ಬೇಕಾದಷ್ಟಿವೆ ಅಲ್ವಾ? ಅಲ್ಲಿ ಸುರಂಗ ಇಲ್ವಾ?

ಹಟ್ಟಿಹುಲಿ
ಅವು ಕಬ್ಬಿಣದ ಅದಿರಿನವು, ಗುಡ್ಡ ಕಡಿದು ತೆಗೆಯೋ ತೆರೆದ ಗಣಿ. ಸುರಂಗ ಅಲ್ಲ. ಗುಡ್ಡವೇ ಇಲ್ಲ ಈಗ, ಇನ್ನು ಸುರಂಗ ಎಲ್ಲಿಂದ ಬರಬೇಕು?

ಕಣಭೌತ
ಇಷ್ಟು ಮಾತಾಡಿ ಕೆಜಿಎಫ್‌ನ ಅಸಲಿ ಚಿನ್ನ ಮರೆತಿದ್ದೀರಿ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಅನ್ನೋ ಅತಿ ಸಣ್ಣ ಕಣಗಳನ್ನು ಪತ್ತೆ ಮಾಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್ ಮೂವರೂ ಸೇರಿ ಮಾಡಿದ ಪ್ರಯೋಗ. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಪತ್ತೆಯಾಯಿತು. ಪ್ರಪಂಚದಲ್ಲಿ ಮೊದಲು ಪತ್ತೆಯಾದದ್ದು ಈ ಎರಡೇ ಜಾಗದಲ್ಲಿ.

ಅಷ್ಟು ಆಳ ಯಾಕೆ ಬೇಕು ಅಂದರೆ, ಆಕಾಶದಿಂದ ಸುರಿಯೋ ಬೇರೆ ಕಣಗಳು ಮೇಲಿನ ಕಲ್ಲಿನಲ್ಲೇ ತಡೆದುಹೋಗಬೇಕು. ನ್ಯೂಟ್ರಿನೋ ಒಂದೇ ಎಲ್ಲವನ್ನೂ ದಾಟಿ ಬರುತ್ತೆ. ಆಮೇಲೆ 80ರ ದಶಕದಲ್ಲಿ ಪ್ರೋಟಾನ್ ತಾನಾಗಿ ಒಡೆಯುತ್ತಾ ಅಂತ ನೋಡೋ ಪ್ರಯೋಗವೂ ಅಲ್ಲೇ ನಡೆಯಿತು. ಗಣಿ ಮುಚ್ಚಿ ನೀರು ತುಂಬಿದ್ದರಿಂದ ನಮಗೆ ನಷ್ಟವಾದದ್ದು ಬರೀ ಚಿನ್ನ ಅಲ್ಲ. ತಮಿಳುನಾಡಿನ ತೇನಿಯಲ್ಲಿ ಹೊಸ ನ್ಯೂಟ್ರಿನೋ ಕೇಂದ್ರ ಮಾಡೋಕೆ ಹೊರಟು ವರ್ಷಗಟ್ಟಲೆ ತಗಾದೆಯಲ್ಲಿ ಸಿಕ್ಕಿಕೊಂಡಿದೆ. ಇಲ್ಲಿ ತಯಾರಾಗಿದ್ದ ಗುಂಡಿಯನ್ನು ಮುಳುಗಿಸಿ ಕೂತಿದ್ದೇವೆ.

ಗಣಿಮೇಷ್ಟ್ರು
ಆ ಪಂಪ್‌ಗಳ ಕರೆಂಟ್ ಬಿಲ್ ಯಾರು ಕಟ್ಟಬೇಕಿತ್ತು? ಶುರುವಿನ ದಿನಗಳಲ್ಲಿ ಟನ್ ಅದಿರಿಗೆ 40 ಗ್ರಾಂಗಿಂತ ಹೆಚ್ಚು ಚಿನ್ನ ಸಿಕ್ಕಿದ ಗಣಿ, ಕೊನೆಗೆ 3 ಗ್ರಾಂ ಆಸುಪಾಸಿಗೆ ಇಳಿದಿತ್ತು. ಕೆಳಗೆ ಕಲ್ಲಿನ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮನುಷ್ಯರು ಕೆಲಸ ಮಾಡಬೇಕು ಅಂದರೆ ತಣ್ಣನೆ ಗಾಳಿ ಕೆಳಗೆ ತಳ್ಳಬೇಕು. ಭೌತವಿಜ್ಞಾನಿಗಳು ಇಷ್ಟು ವರ್ಷ ಗಣಿ ಕಾರ್ಮಿಕರ ಕೇಜ್‌ನಲ್ಲಿ ಬಿಟ್ಟಿ ಸವಾರಿ ಮಾಡಿದರು ಅಷ್ಟೇ.

ಕಣಭೌತ
ಬಿಟ್ಟಿ ಸವಾರಿ ಅನ್ನೋದು ಸ್ವಲ್ಪ ಜಾಸ್ತಿಯಾಯಿತು ಮೇಷ್ಟ್ರೇ. ಜಾರ್ಖಂಡ್‌ನ ಯುರೇನಿಯಂ ಗಣಿ ಜಾದುಗುಡದಲ್ಲಿ 555 ಮೀಟರ್ ಆಳದಲ್ಲಿ ಪ್ರಯೋಗಾಲಯ ಇದೆ, ಗಣಿ ಕೆಲಸವೂ ಪ್ರಯೋಗವೂ ಜೊತೆಗೇ ನಡೆದಿಲ್ವಾ? ಮನಸ್ಸಿದ್ದರೆ ಆಗುತ್ತೆ.

ನಿರ್ವಾಹಕ
ಒಂದು ಸೂಚನೆ. ಯಾವ ಶಾಫ್ಟ್‌ಗೆ ಬೇಲಿ ಮುರಿದಿದೆ, ಯಾವ ಕಡೆ ಕಾವಲು ಇಲ್ಲ ಅನ್ನೋ ಎರಡು ಉತ್ತರಗಳನ್ನು ತೆಗೆದಿದ್ದೇನೆ. ಅಂಥದ್ದು ಹಾಕಬೇಡಿ. ಉಳಿದ ಜಗಳ ಮುಂದುವರಿಯಲಿ.

ಕೆಂಪುಮರಳು
ಆಸ್ಟ್ರೇಲಿಯಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಕೂಬರ್ ಪೀಡಿ ಅಂತ ಓಪಲ್ ಹರಳಿನ ಊರಿದೆ. ಬಿಸಿಲಿಗೆ ತಾಳಲಾರದೆ ಅರ್ಧ ಊರು ನೆಲದೊಳಗೇ ಮನೆ ಮಾಡಿಕೊಂಡಿದೆ. ಸುತ್ತ ಎಲ್ಲಿ ನೋಡಿದರೂ ಬಿಳಿ ಮಣ್ಣಿನ ಗುಪ್ಪೆ. ಪ್ರತಿ ಗುಪ್ಪೆ ಪಕ್ಕ ಒಂದು ಗುಂಡಿ, ಮುಚ್ಚಳ ಇಲ್ಲ, ಕಟ್ಟೆ ಇಲ್ಲ. ರಸ್ತೆ ಪಕ್ಕದ ಬೋರ್ಡ್‌ನಲ್ಲಿ ಓಡಬೇಡಿ, ಹಿಂದಕ್ಕೆ ನಡೆಯಬೇಡಿ ಅಂತ ಇರುತ್ತೆ. ಮನುಷ್ಯ ತಲೆಕೆಳಗಾಗಿ ಬೀಳೋ ಚಿತ್ರ ಬೇರೆ. ಹಿಂದಕ್ಕೆ ಯಾಕೆ ಅಂದರೆ ಫೋಟೋ. ಫ್ರೇಮ್ ಸರಿ ಬರಲಿ ಅಂತ ಎರಡು ಹೆಜ್ಜೆ ಹಿಂದೆ ಇಡುತ್ತಾರಲ್ಲ, ಅಲ್ಲಿಗೆ ಮುಗಿಯಿತು.

ಸ್ವತಂತ್ರಹಕ್ಕಿ
ನೋಡಿ, ಅವರು ಬೋರ್ಡ್ ಹಾಕಿ ಜನರ ಬುದ್ಧಿಗೆ ಬಿಟ್ಟಿದ್ದಾರೆ. ಅಷ್ಟು ಸಾಕು.

ಗಣಿಮೇಷ್ಟ್ರು
ಅದೇ ಮಾತನ್ನು ಅಮೆರಿಕದವರಿಗೆ ಹೇಳಿ. ಅಲ್ಲಿನ ಗಣಿ ಸುರಕ್ಷತಾ ಇಲಾಖೆ "ಹೊರಗಿರಿ, ಬದುಕಿರಿ" ಅಂತ ವರ್ಷಗಟ್ಟಲೆ ಶಾಲೆಗಳಲ್ಲಿ ಪ್ರಚಾರ ಮಾಡಿದೆ. ಬಾವಲಿ ಇರೋ ಗಣಿಗಳಿಗೆ ಕಬ್ಬಿಣದ ಸರಳಿನ ಗೇಟು ಹಾಕುತ್ತಾರೆ. ಬಾವಲಿ ಹಾರಿ ಹೋಗುತ್ತೆ, ಮನುಷ್ಯ ನುಗ್ಗೋಕಾಗಲ್ಲ.

ನಮ್ಮ ದೇಶದ್ದು ಹೇಳಬೇಕು ಅಂದರೆ, ಬಿಟ್ಟ ಗಣಿ ಅದರೊಳಗೆ ಹೋದವನಿಗೆ ಮಾತ್ರ ಅಪಾಯ ಅಲ್ಲ. 1975ರ ಡಿಸೆಂಬರ್ 27ರಂದು ಧನಬಾದ್ ಹತ್ತಿರದ ಚಾಸ್ನಾಲಾದಲ್ಲಿ ಪಕ್ಕದ ಹಳೇ ಗಣಿಯಲ್ಲಿ ನಿಂತಿದ್ದ ನೀರು ಗೋಡೆ ಒಡೆದು ನುಗ್ಗಿತು. 375 ಜನ ಕಾರ್ಮಿಕರು ಹೋದರು. ಹಳೇ ಗಣಿ ಅಂದರೆ ನಮ್ಮಂಥವರಿಗೆ ನೆನಪಾಗೋದು ಚೆಂದದ ವಿಡಿಯೋ ಅಲ್ಲ, ಇದು.

ಕಲ್ಪತರುನಾಡು
ಮೇಘಾಲಯದ್ದೂ ಹಾಗೇ ಅಲ್ವಾ? 2018ರಲ್ಲಿ ಇಲಿಬಿಲ ಗಣಿಗೆ, ಅಂದರೆ ಇಲಿ ಬಿಲದ ಹಾಗೆ ಕಿರಿದಾಗಿ ಕೈಯಲ್ಲೇ ಬಗೆದ ಕಲ್ಲಿದ್ದಲು ಗಣಿಗೆ, ನೀರು ನುಗ್ಗಿ 15 ಜನ ಸಿಕ್ಕಿಕೊಂಡರು. 2014ರಲ್ಲೇ ಹಸಿರು ನ್ಯಾಯಮಂಡಳಿ ಅದನ್ನೆಲ್ಲ ನಿಲ್ಲಿಸಿ ಅಂದಿತ್ತು. ಅದೇ ಇಲಿಬಿಲ ಕೆಲಸ ಗೊತ್ತಿದ್ದವರು 2023ರಲ್ಲಿ ಉತ್ತರಾಖಂಡದ ಸುರಂಗದಲ್ಲಿ ಸಿಕ್ಕಿಬಿದ್ದ 41 ಜನರನ್ನು ಕೈಯಲ್ಲೇ ಮಣ್ಣು ಬಗೆದು ಹೊರಗೆ ತಂದರು. ದೊಡ್ಡ ಯಂತ್ರ ಕೈಕೊಟ್ಟಿತ್ತು.

ಗಣಿಮೇಷ್ಟ್ರು
ಹೌದು. ಹಿಂದೆ 1989ರಲ್ಲಿ ರಾಣಿಗಂಜ್‌ನ ಮಹಾಬೀರ್ ಗಣಿಯಲ್ಲೂ ಮೇಲಿನಿಂದ ಬೋರ್ ಕೊರೆದು, ಉಕ್ಕಿನ ಕೊಳವೆಯಂಥ ಕ್ಯಾಪ್ಸೂಲ್ ಇಳಿಸಿ 65 ಜನರನ್ನು ಒಬ್ಬೊಬ್ಬರಾಗಿ ಎತ್ತಿದರು. ಜಸ್ವಂತ್ ಸಿಂಗ್ ಗಿಲ್ ಅನ್ನೋ ಇಂಜಿನಿಯರ್ ತಾನೇ ಆ ಕ್ಯಾಪ್ಸೂಲ್‌ನಲ್ಲಿ ಕೆಳಗೆ ಹೋಗಿ, ಎಲ್ಲರನ್ನೂ ಕಳಿಸಿ ಕೊನೆಗೆ ಹತ್ತಿ ಬಂದರು. ಸಾಹಸಿಗಳು ಹುಟ್ಟಲ್ಲ ಅಂದರಲ್ಲ ಒಬ್ಬರು, ಅವರ ಗಮನಕ್ಕೆ.

ಸ್ವತಂತ್ರಹಕ್ಕಿ
ಸರಿ ಮೇಷ್ಟ್ರೇ, ಒಂದು ಪಾಯಿಂಟ್ ನಿಮಗೆ. ತರಬೇತಿ ವಿಷಯದಲ್ಲಿ ನನ್ನ ಮಾತು ವಾಪಸ್ ತಗೊಳ್ಳಲ್ಲ.

ಗುಡ್ಡಸುತ್ತಾಟ
ಎಲ್ಲ ಓದಿದೆ. ಗೆಳೆಯರಿಗೂ ಓದಿಸಿದೆ. ಶಾಫ್ಟ್ ಬೇಡ ಅಂತ ಮೂವರು, ಮೀಟರ್ ಬಾಡಿಗೆಗೆ ಸಿಕ್ಕರೆ ನೋಡೋಣ ಅಂತ ಒಬ್ಬ. ಅವನಿಗೆ ಚಾಸ್ನಾಲಾ ಕತೆ ಎರಡನೇ ಸಲ ಓದಿಸಿದ್ದೇನೆ. ಹಾಗಾದರೆ ಇಳಿಯದೆ ಮೇಲೇ ನೋಡೋಕೆ ಏನಿದೆ? ಕೆಜಿಎಫ್‌ನ ಆ ಬಿಳಿ ಗುಡ್ಡಗಳಿಗೆ ಹೋಗಬಹುದಾ? ಸಿನಿಮಾ ಬಂದ ಮೇಲೆ ಎಲ್ಲರೂ ಅಲ್ಲೇ ಫೋಟೋ ಹಾಕುತ್ತಾರೆ.

ಲೈನ್‌ಮನೆಹುಡುಗ
ಅದನ್ನು ಗುಡ್ಡ ಅನ್ನಬೇಡಿ, ಸೈನೈಡ್ ದಿಬ್ಬ. ಅದಿರನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಅದು. ಮಳೆ ನೀರು ಕೊರೆದು ಅಂಚಿನಲ್ಲಿ ಆಳಾಳದ ಸೀಳು ಬಿದ್ದಿರುತ್ತೆ, ಕಾಲಿಟ್ಟರೆ ಜಾರಿ ಕುಸಿಯುತ್ತೆ. ಆಷಾಢದ ಗಾಳಿಗೆ ಆ ಪುಡಿ ಎದ್ದು ಊರಿಗೆ ಬರುತ್ತೆ. ಒಣ ಹಾಕಿದ ಬಟ್ಟೆ ಮೇಲೆ, ಅನ್ನದ ತಟ್ಟೆ ಮೇಲೆ, ಮಕ್ಕಳ ಮೂಗಿನೊಳಗೆ. ಕಲ್ಲಿನ ದೂಳಿನಿಂದ ಬರೋ ಸಿಲಿಕೋಸಿಸ್ ಎಷ್ಟು ಜನ ಗಣಿ ಕಾರ್ಮಿಕರ ಶ್ವಾಸಕೋಶ ತಿಂದಿದೆ ಅನ್ನೋದು ಅಲ್ಲಿನ ಪ್ರತಿ ಲೈನಿಗೂ ಗೊತ್ತು. ನೀವು ಬಂದು ಅದರ ಮೇಲೆ ಹಾರಿ ದೂಳೆಬ್ಬಿಸಿ ಸ್ಲೋ ಮೋಷನ್ ವಿಡಿಯೋ ಮಾಡೋದು ನೋಡಿದರೆ ಮೈ ಉರಿಯುತ್ತೆ.

ಬೆಂಗಳೂರುಬೆಕ್ಕು
ಆ ದಿಬ್ಬದಲ್ಲಿ ಇನ್ನೂ ಚಿನ್ನ ಇದೆಯಂತಲ್ಲ?

ಗಣಿಮೇಷ್ಟ್ರು
ಇದೆ. ಸುಮಾರು 3.3 ಕೋಟಿ ಟನ್ ಪುಡಿ ಇದೆ ಅನ್ನುತ್ತಾರೆ, ಟನ್‌ಗೆ ಒಂದು ಗ್ರಾಂಗೂ ಕಡಿಮೆ ಚಿನ್ನ. ಚಿನ್ನದ ಬೆಲೆ ಏರಿದ ಮೇಲೆ ಅದೂ ಲಾಭ ಅನ್ನಿಸೋಕೆ ಶುರುವಾಗಿದೆ. 2025ರಲ್ಲಿ ರಾಜ್ಯ ಸರ್ಕಾರ ಅದನ್ನು ಮತ್ತೆ ಸಂಸ್ಕರಿಸೋಕೆ ಒಪ್ಪಿದೆ. ನೋಡೋಣ.

ಲೈನ್‌ಮನೆಹುಡುಗ
ಸಂಸ್ಕರಿಸಿದ ಮೇಲೆ ಉಳಿಯೋ ಪುಡಿ ಎಲ್ಲಿ ಸುರಿಯುತ್ತಾರೆ ಅಂತ ಯಾರೂ ಹೇಳುತ್ತಿಲ್ಲ. ಅದಿರಲಿ.

@ಗುಡ್ಡಸುತ್ತಾಟ, ಮೇಲೆ ನೋಡೋಕೆ ಬೇಕಾದಷ್ಟಿದೆ. ರೈಲಿನಲ್ಲಿ ಬನ್ನಿ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ಹಾಕಿದ ಲೈನ್ ಅದು, ಗಣಿಗೋಸ್ಕರ ಹಾಕಿದ್ದು. ಕೋರಮಂಡಲ್, ಊರಗಾಂ, ಚಾಂಪಿಯನ್ ಅಂತ ಸ್ಟೇಷನ್ ಹೆಸರುಗಳನ್ನೇ ಓದುತ್ತಾ ಬನ್ನಿ. ರಸ್ತೆಯಿಂದಲೇ ಶಾಫ್ಟ್‌ಗಳ ಕಬ್ಬಿಣದ ಹೆಡ್‌ಗೇರ್ ಕಾಣುತ್ತವೆ. ಮೇಲೆ ದೊಡ್ಡ ಚಕ್ರ, ಅದರ ಮೇಲೆ ಹಾದು ಹೋಗುತ್ತಿದ್ದ ಹಗ್ಗ ಕೇಜ್ ಎತ್ತುತ್ತಿತ್ತು. ಬ್ರಿಟಿಷರ ಬಂಗಲೆಗಳು, ಚರ್ಚುಗಳು, ಪಕ್ಕದಲ್ಲೇ ಕಾರ್ಮಿಕರ ಲೈನ್‌ಗಳು. ಬಂಗಲೆಯ ಅಂಗಳದಲ್ಲಿ ನಮ್ಮ ನಾಲ್ಕು ಮನೆ ಹಿಡಿಸುತ್ತವೆ, ಅಳೆದು ನೋಡಿ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್‌ನಲ್ಲಿ ಊಟ ಮಾಡಿ. ಟೀ ಅಂಗಡಿಯಲ್ಲಿ ಕೂತರೆ ಕೇಜ್ ಗಂಟೆ ಹೊಡೆದವರು, ಮದ್ದು ತುಂಬಿದವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ತಮಿಳು ಬಂದರೆ ಒಳ್ಳೆಯದು, ಬರದಿದ್ದರೆ ಕನ್ನಡದಲ್ಲೇ ಮಾತಾಡುತ್ತಾರೆ. ಒಬ್ಬರನ್ನು ಕೇಳಿದರೆ ಸಾಕು, ಮಧ್ಯಾಹ್ನ ಕಳೆದುಹೋಗುತ್ತೆ. ಟೀ ದುಡ್ಡು ನೀವೇ ಕೊಡಿ. ಬೇಲಿ ದಾಟಬೇಡಿ.

ಕಣಭೌತ
ನ್ಯೂಟ್ರಿನೋ ಪ್ರಯೋಗದಲ್ಲಿ ಕೆಳಗೆ ಕೆಲಸ ಮಾಡಿದವರು ಸಿಕ್ಕರೆ ದಯವಿಟ್ಟು ರೆಕಾರ್ಡ್ ಮಾಡಿಕೊಳ್ಳಿ. ವಿಜ್ಞಾನಿಗಳ ಹೆಸರು ಪೇಪರ್‌ಗಳಲ್ಲಿದೆ. ಸಲಕರಣೆ ಕೆಳಗೆ ಹೊತ್ತವರದ್ದು ಎಲ್ಲೂ ಇಲ್ಲ.

ಹಟ್ಟಿಹುಲಿ
ಆಮೇಲೆ ನಮ್ಮ ಕಡೆಗೂ ಬರ್ರಿ. ಮಸ್ಕಿ ಶಾಸನ ನೋಡೋಕೆ ಹಗ್ಗ, ಮೀಟರ್ ಏನೂ ಬೇಡ. ಬಿಸಿಲು ತಡೆಯೋಕೆ ಟೋಪಿ ತನ್ನಿ ಸಾಕು. ಏಪ್ರಿಲ್‌ನಲ್ಲಿ ಮಾತ್ರ ಬೇಡ.

ಗುಡ್ಡಸುತ್ತಾಟ
ರೈಲು, ಟೀ ಅಂಗಡಿ ಪ್ಲಾನ್ ಪಾಸಾಗಿದೆ. ಭಾನುವಾರ ಆ ರೈಲು ಇರುತ್ತಾ? ಬೆಳಗ್ಗೆ ಬೆಂಗಳೂರಿನಿಂದ ಆ ಕಡೆ ಹೋಗೋದು ಖಾಲಿ ಇರುತ್ತೆ ಅಲ್ವಾ?

ಲೈನ್‌ಮನೆಹುಡುಗ
ಹೋಗುವಾಗ ಖಾಲಿ. ಸಂಜೆ ಬೆಂಗಳೂರಿನಿಂದ ಬರೋ ರೈಲಿನಲ್ಲಿ ಮಾತ್ರ ಸೀಟ್ ಕೇಳಬೇಡಿ, ಅದು ನಮ್ಮದು. ಭಾನುವಾರದ ಟೈಮ್ ನೋಡಿ ಮೆಸೇಜ್ ಹಾಕುತ್ತೇನೆ.

ತಮಾಷೆಪುಟ್ಟ
ಮೀಟರ್ ಬಾಡಿಗೆ ಕೇಳಿದ ಫ್ರೆಂಡ್‌ನ ರೈಲಿನಲ್ಲಿ ಕಿಟಕಿ ಪಕ್ಕ ಕೂರಿಸಬೇಡಿ.